ಹಗ್ಗದ ಮೇಲೆ ಒಂದೂವರೆ ನಿಮಿಷ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಶಿಗ್ಗಾಂವಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಶಾಲೆಯ ಮಕ್ಕಳಿಗೆ ಗಣಿತ ಹೇಳುತ್ತಿದ್ದೆ. ಮನೆಯ ಮಾಲಕರ ಪಡಸಾಲೆಯಲ್ಲಿ ಟೀವಿ ಇತ್ತು. ರವಿವಾರ ಮಧ್ಯಾಹ್ನ ಕರೆದು ಕೂರಿಸುತ್ತಿದ್ದರು, ನಾನು ಕೂರಲಾರದೆ ಕೂರುತ್ತಿದ್ದೆ. ಒಂದು ರವಿವಾರ ಅದರಲ್ಲಿ ಪರದೇಶದ ಹುಡುಗಿಯೊಬ್ಬಳು ಮಂಜುಗಡ್ಡೆಯ ಮೇಲೆ ಜಾರುತ್ತಿದ್ದಳು. ಹಾರುತ್ತಿರಲಿಲ್ಲ, ಗಿರಗಿರ ತಿರುಗುತ್ತಿರಲಿಲ್ಲ. ಒಂದೇ ಕಾಲಿನ ಮೇಲೆ ನಿಂತು ಒಂದು ದೊಡ್ಡ ಸುತ್ತು ಬರೆದಳು. ಅದೇ ಗೆರೆಯ ಮೇಲೆ ಮತ್ತೊಂದು ಸುತ್ತು, ಮತ್ತೂ ಒಂದು. ಆಮೇಲೆ ಅವಳು ಪಕ್ಕಕ್ಕೆ ಸರಿದು ನಿಂತಳು. ಉದ್ದನೆಯ ಕೋಟು ಹಾಕಿದ ನಿರ್ಣಾಯಕರು ಮಂಜಿನ ಮೇಲಿಳಿದು, ಸೊಂಟ ಬಗ್ಗಿಸಿ, ಆ ಗೆರೆಯನ್ನು ನೋಡತೊಡಗಿದರು. ಹುಡುಗಿಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಸುತ್ತು ಬರೆಯುವ ಈ ಭಾಗ ಇನ್ನು ಮುಂದೆ ಸ್ಪರ್ಧೆಯಲ್ಲಿ ಇರುವುದಿಲ್ಲ ಎಂದು ಟೀವಿಯಲ್ಲಿ ಹೇಳಿದರು. ಒಂದು ಕಾಲಕ್ಕೆ ಅರ್ಧಕ್ಕಿಂತ ಹೆಚ್ಚು ಗುಣ, ಅಂದರೆ ಅಂಕ, ಇದಕ್ಕೇ ಇದ್ದವಂತೆ. ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬಂದು ಈಗ ಪೂರ್ತಿ ತೆಗೆಯುತ್ತಾರಂತೆ. ನೋಡುವವರಿಗೆ ಹಾರುವುದು ಬೇಕು, ಅದಕ್ಕೇ ಇನ್ನು ಹುಡುಗಿಯರು ಹಾರುವುದನ್ನೇ ಕಲಿಯುತ್ತಾರೆ ಎಂದೂ ಹೇಳಿದರು.

"ತಗದದ್ದ ಚೊಲೋ ಆತು ಬಿಡ್ರಿ. ಹುಡುಗೀನ ಬಿಟ್ಟು ಗೆರಿ ನೋಡ್ತಾರಲ್ಲ, ಇವರಿಗೇನ್ ಬ್ಯಾರೆ ಕೆಲಸ ಇಲ್ಲೇನು?" ಎಂದರು ಮಾಲಕರ ಹೆಂಡತಿ.

ನನಗೆ ಕೂರಲಾಗಲಿಲ್ಲ. ಕೆಲಸವಿದೆ ಎಂದು ಸುಳ್ಳು ಹೇಳಿ ಎದ್ದೆ. ಬಸ್ ಸ್ಟ್ಯಾಂಡಿನ ತನಕ ನಡೆದೆ, ತಿರುಗಿ ಬಂದೆ, ಮತ್ತೆ ನಡೆದೆ. ಸಣ್ಣಂದಿನಿಂದ ಸುತ್ತನ್ನೇ ಬರೆದುಕೊಂಡು ಬಂದ ಆ ಹುಡುಗಿ ಈಗ ಏನು ಮಾಡಬೇಕು? ಇದನ್ನು ಯಾರೂ ಕೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ಅಂಥ ಒಬ್ಬ ಹುಡುಗಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿ ನಾನು ದೊಡ್ಡವಳಾಗಿದ್ದೆ. ಅವಳು ನನ್ನ ಅಕ್ಕ.

ನಮ್ಮದು ಹಾನಗಲ್ಲು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ನಾವಿಬ್ಬರೇ ಹೆಣ್ಣುಮಕ್ಕಳು, ನಾನು ಅಕ್ಕನಿಗಿಂತ ನಾಲ್ಕು ವರ್ಷ ಸಣ್ಣವಳು. ಒಂದು ಕಡೆ ನಿಲ್ಲುವುದು ನನ್ನ ಜಾಯಮಾನದಲ್ಲೇ ಇಲ್ಲ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಿತ್ತು. ಅಕ್ಕ ಇದಕ್ಕೆ ತದ್ವಿರುದ್ಧ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಳೆಂದರೆ ಗುಬ್ಬಿ ಬಂದು ಅವಳೆದುರಿಗೇ ಕಾಳು ಆರಿಸಿಕೊಂಡು ಹೋಗುತ್ತಿತ್ತು, ಅದಕ್ಕೂ ಅವಳ ಭಯವಿರಲಿಲ್ಲ.

ಮನೆಯೆದುರು ಗರಡಿಮನೆ. ಅದನ್ನು ನಡೆಸುತ್ತಿದ್ದ ಮುದುಕರನ್ನು ಊರವರೆಲ್ಲ ವಸ್ತಾದರು ಎನ್ನುತ್ತಿದ್ದರು, ನಾವು ಅಜ್ಜ ಎನ್ನುತ್ತಿದ್ದೆವು. ಹುಡುಗರಿಗೆ ಒಳಗೆ ಕುಸ್ತಿ ಮತ್ತು ಮಲ್ಲಕಂಬ. ಹೆಣ್ಣುಮಕ್ಕಳು ಗರಡಿಯ ಕೆಂಪು ಮಣ್ಣು ತುಳಿಯುವಂತಿರಲಿಲ್ಲ. ಅಜ್ಜ ಅದಕ್ಕೆ ಒಂದು ಉಪಾಯ ಮಾಡಿದ್ದರು. ಹೊರಗಿನ ಬೇವಿನ ಮರದ ಕೊಂಬೆಗೆ ಹೆಬ್ಬೆರಳು ದಪ್ಪದ ನೂಲಿನ ಹಗ್ಗ ಇಳಿಬಿಟ್ಟು ನಮಗೆ ಹಗ್ಗದ ಮಲ್ಲಕಂಬ ಕಲಿಸುತ್ತಿದ್ದರು. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಗ್ಗ ಹಿಡಿದು ಏರಬೇಕು, ಗಂಟು ಹಾಕದೆ ಹಗ್ಗವನ್ನು ಮೈಗೆ ಸುತ್ತಿಕೊಂಡು ಮೇಲೆಯೇ ಆಸನ ಹಾಕಬೇಕು. ಅಜ್ಜ ನಮ್ಮನ್ನು ಮುಟ್ಟುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಬೆತ್ತದ ತುದಿಯಿಂದ ತೋರಿಸುತ್ತಿದ್ದರು.

ಎಪ್ಪತ್ತರ ದಶಕದ ಸ್ಪರ್ಧೆಗಳಲ್ಲಿ ಅಜ್ಜನಂಥ ಮೂವರು ಹಿರಿಯರೇ ನಿರ್ಣಾಯಕರು. ಕಾಗದವಿಲ್ಲ, ಗಡಿಯಾರವಿಲ್ಲ. ಒಂದು ರೂಢಿ ಮಾತ್ರ ಇತ್ತು. ಕೊನೆಯ ಆಸನ ಹಾಕಿದವಳು ತಾನಾಗಿ ಇಳಿಯಬಾರದು. ಹಿರಿಯರು "ಸಾಕವ್ವಾ, ಇಳಿ" ಎನ್ನುವ ತನಕ ಮೇಲೆಯೇ ಇರಬೇಕು. ಆಸನ ಚೆನ್ನಾಗಿದ್ದಷ್ಟೂ ಆ ಮಾತು ತಡವಾಗಿ ಬರುತ್ತಿತ್ತು. ನನಗಂತೂ ಪೂರ್ತಿ ಕಾಲು ಮಡಚುವ ಮೊದಲೇ "ಸಾಕು ಸಾಕು, ಇಳಿಯವ್ವಾ, ಹಗ್ಗ ಹರದೀತು!" ಎನ್ನುತ್ತಿದ್ದರು, ಜನ ಗೊಳ್ಳೆಂದು ನಗುತ್ತಿದ್ದರು. ಅಕ್ಕನ ಕೊನೆಯ ಆಸನ ಯಾವಾಗಲೂ ಪದ್ಮಾಸನ. ಅದನ್ನು ಹಾಕಿ ಅವಳು ಕೈ ಜೋಡಿಸಿದಳೆಂದರೆ ಬೇವಿನ ಎಲೆ ಅಲುಗುತ್ತಿತ್ತು, ಹಗ್ಗ ಅಲುಗುತ್ತಿರಲಿಲ್ಲ. ಅಜ್ಜ ಸಾಕು ಎನ್ನುವುದನ್ನೇ ಮರೆಯುತ್ತಿದ್ದರು. ಪಕ್ಕದವರು ಮೊಣಕೈಯಿಂದ ತಿವಿದು ನೆನಪಿಸಬೇಕಾಗುತ್ತಿತ್ತು.

ಹಾಗಂತ ಹಳೆಯದೆಲ್ಲ ಬಂಗಾರ ಎಂದು ನಾನು ಹೇಳುವವಳಲ್ಲ. ತಿಳವಳ್ಳಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು, ಹೊಲದಲ್ಲಿ ದುಡಿದು ಗಟ್ಟಿಯಾದ ತೋಳಿನವಳು. ನಮಗ್ಯಾರಿಗೂ ಬಾರದ ಆಸನಗಳು ಅವಳಿಗೆ ಬರುತ್ತಿದ್ದವು. ಆದರೂ ಪ್ರತಿ ಸಲ ಅವಳನ್ನು ಹಿಂದೆಯೇ ಉಳಿಸುತ್ತಿದ್ದರು. ಯಾಕೆ ಎಂದು ನಮ್ಮ ಶಾಲೆಯ ಡ್ರಿಲ್ ಮಾಸ್ತರು ಒಮ್ಮೆ ಕೇಳಿದ್ದಕ್ಕೆ ಒಬ್ಬ ಹಿರಿಯರು, "ಆಕಿ ಹಗ್ಗ ಏರಿದ್ರ ಗಿಡಾ ಏರಿದಂಗ ಕಾಣ್ತೈತಿ" ಎಂದರು. ಇಂಥ ಮಾತಿಗೆ ಏನೆಂದು ವಾದ ಮಾಡುವುದು? ಗೆದ್ದವಳು ನನ್ನ ಅಕ್ಕನೇ ಆದರೂ ಅವತ್ತು ನನಗೆ ಮೈಯೆಲ್ಲ ಉರಿದಿತ್ತು.

ಎಂಬತ್ತರ ದಶಕ ಶುರುವಾದಾಗ ಅಕ್ಕ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಧಾರವಾಡಕ್ಕೆ ಹೋಗಿ ವ್ಯಾಯಾಮ ಶಿಕ್ಷಕಿಯ ತರಬೇತಿ ಪಡೆಯಬೇಕು ಎನ್ನುವುದು ಅವಳ ಆಸೆ. ಬಾಯಿಬಿಟ್ಟು ಏನನ್ನೂ ಕೇಳದ ಅಕ್ಕ ಇದೊಂದನ್ನು ಕೇಳಿದ್ದಳು. ಅದೇ ಹೊತ್ತಿಗೆ ರಟ್ಟೀಹಳ್ಳಿಯ ಒಂದು ಕಿರಾಣಿ ಅಂಗಡಿಯ ಮನೆಯವರು ಅವಳನ್ನು ಸೊಸೆ ಮಾಡಿಕೊಳ್ಳುತ್ತೇವೆಂದು ಎರಡು ಸಲ ಹೇಳಿ ಕಳಿಸಿದ್ದರು. ಅಪ್ಪ ಕೆಟ್ಟವರಲ್ಲ, ಆದರೆ ಹೆಣ್ಣುಮಗಳು ಸೀಟಿ ಊದಿಕೊಂಡು ಹೊಟ್ಟೆ ಹೊರೆಯುವುದು ಅವರ ಕಣ್ಣಿಗೆ ಹಿಡಿಸುವ ಚಿತ್ರವಾಗಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ತೀರ್ಮಾನ ಹೇಳಿಬಿಟ್ಟರು.

"ಈ ಸಲ ಜಿಲ್ಲಾ ತಂಡಕ್ಕ ಆರಿಸಿ ಬಾ. ಧಾರವಾಡಕ್ಕ ನಾನ ಕರಕೊಂಡು ಹೋಗಿ ಬಿಟ್ಟು ಬರ್ತೇನಿ. ಆರಿಸಲಿಲ್ಲಂದ್ರ ರಟ್ಟೀಹಳ್ಳಿಯವ್ರಿಗೆ ಹೂಂ ಅಂತೇನಿ. ಆಮ್ಯಾಲೆ ಅಳೂ ಹಂಗಿಲ್ಲ."

"ಆತಪ್ಪಾ," ಎಂದಳು ಅಕ್ಕ.

ನಾನು ತಾಟಿನ ಮುಂದಿನಿಂದ ಎದ್ದು ಕುಣಿದೆ. ಅಕ್ಕನನ್ನು ಬಿಟ್ಟು ಇನ್ಯಾರನ್ನು ಆರಿಸುತ್ತಾರೆ?

ಆಗಲೇ ನಿಯಮ ಬದಲಾಯಿತು. ಡ್ರಿಲ್ ಮಾಸ್ತರು ಯಾವುದೋ ಶಿಬಿರಕ್ಕೆ ಹೋಗಿ ಕೆಲವು ಹಾಳೆಗಳನ್ನು ತಂದರು, ಬೇವಿನ ಮರದ ಕೆಳಗೆ ನಿಂತು ಓದಿ ಹೇಳಿದರು. ಒಬ್ಬೊಬ್ಬರಿಗೆ ಒಂದೂವರೆ ನಿಮಿಷ. ಸೀಟಿ ಊದಿದರೆ ಶುರು, ಮತ್ತೆ ಊದಿದರೆ ಮುಗಿಯಿತು. ಸುಲಭದ ಆಸನಕ್ಕೆ ಕಡಿಮೆ ಗುಣ, ಕಷ್ಟದ್ದಕ್ಕೆ ಹೆಚ್ಚು. ಎಷ್ಟು ಬಗೆಯ ಆಸನ ಮಾಡಿದರೆ ಅಷ್ಟು ಲಾಭ. ಒಂದು ಆಸನದಲ್ಲಿ "ಒಂದು, ಎರಡು" ಎಂದು ಎಣಿಸುವಷ್ಟು ಹೊತ್ತು ನಿಂತರೆ ಸಾಕು, ಅದಕ್ಕಿಂತ ಹೆಚ್ಚು ನಿಂತರೆ ಏನೂ ಸಿಗುವುದಿಲ್ಲ. ನಿರ್ಣಾಯಕರು ದೂರ ದೂರ ಕೂತು ಬರೆಯಬೇಕು. ನಡುವೆ ತುಟಿ ಬಿಚ್ಚಬಾರದು.

ಅಜ್ಜ ಕಟ್ಟೆಯ ಮೇಲಿಂದ ಕೇಳಿದರು. "ಹಗ್ಗ ಅಲಗಿದ್ರ?"

"ಒಂಚೂರು ಕಡೀತಾರ್ರಿ."

"ಅಲಗದಿದ್ರ?"

ಮಾಸ್ತರು ಹಾಳೆ ತಿರುವಿ ನೋಡಿದರು. "ಅದಕ್ಕ ಬ್ಯಾರೆ ಏನೂ ಬರದಿಲ್ರಿ."

ಅಜ್ಜ ಬೆತ್ತದಿಂದ ನೆಲ ಕೆರೆಯುತ್ತ ಕೂತರು. ಅಕ್ಕ ಹಗ್ಗವನ್ನು ನೋಡುತ್ತ ನಿಂತಳು. ನಾನೊಬ್ಬಳೇ ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಒಂದೂವರೆ ನಿಮಿಷದಲ್ಲಿ ನನ್ನ ಕೈಯಲ್ಲಿ ಎಷ್ಟೊಂದು ಆಗುತ್ತದೆ!

ಹೊಸ ಪದ್ಧತಿಯ ಮೊದಲ ಸುತ್ತು ಸವಣೂರಿನಲ್ಲಿ ನಡೆಯಿತು. ಕೊನೆಯ ಆಯ್ಕೆ ಹಿರೇಕೆರೂರಿನಲ್ಲಿ, ಎರಡು ತಿಂಗಳ ಮೇಲೆ; ಮೊದಲ ಸುತ್ತಿನಲ್ಲಿ ಸೋತವರೂ ಅಲ್ಲಿಗೆ ಹೋಗಬಹುದಿತ್ತು. ಸವಣೂರಿನಲ್ಲಿ ಮರ್ಯಾದೆಗೆಂದು ಅಜ್ಜನನ್ನೂ ನಿರ್ಣಾಯಕರ ಸಾಲಿನಲ್ಲಿ ಕೂರಿಸಿದ್ದರು. "ಅಜ್ಜಾರ, ಏನೂ ಮಾತಾಡಬ್ಯಾಡ್ರಿ ಮತ್ತ," ಎಂದು ಸ್ಟಾಪ್‌ವಾಚ್ ಹಿಡಿದವರು ಕೈ ಮುಗಿದು ಕೇಳಿಕೊಂಡರು. ಅಜ್ಜ ಆಗಲೆಂದು ತಲೆಯಾಡಿಸಿದರು.

ಸಣ್ಣವರ ಗುಂಪಿನಲ್ಲಿ ನಾನು ಏರಿದೆ. ಅಳಿಲೂ ನಾಚಬೇಕು, ಹಾಗೆ ಒಂದರಿಂದ ಒಂದಕ್ಕೆ ಹರಿದೆ. ಹಗ್ಗ ತೂಗಾಡಿತು, ಒಂದಿಷ್ಟು ಗುಣ ಕಡಿದರು, ಉಳಿದದ್ದು ಬೇಕಾದಷ್ಟಿತ್ತು. ಜೀವಮಾನದಲ್ಲಿ ಮೊದಲ ಸಲ ನನಗೆ ಬಹುಮಾನ ಬಂತು. ಮೈಯಲ್ಲಿದ್ದ ಚಡಪಡಿಕೆಗೆ ಬೈಗುಳ ತಿಂದವಳಿಗೆ ಅದಕ್ಕೇ ಶಹಬ್ಬಾಸ್ ಸಿಕ್ಕಿತು. ಸುಳ್ಳೇಕೆ ಹೇಳಲಿ, ನಾನು ಆಕಾಶದಲ್ಲಿದ್ದೆ.

ಆಮೇಲೆ ಅಕ್ಕನ ಸರದಿ. ಸೀಟಿ ಊದಿತು. ಅಕ್ಕ ಏರಿ ಮೂರು ಆಸನ ಮಾಡಿದಳು, ನಿಧಾನವಾಗಿ, ಒಂದೊಂದನ್ನೂ ಮುಗಿಸಿ. ಇನ್ನೂ ನಾಲ್ಕು ಮಾಡಲು ವೇಳೆ ಇತ್ತು, ಅವಳಿಗೆ ಅವು ಬರುತ್ತಲೂ ಇದ್ದವು. ನಡುವೆ ಪದ್ಮಾಸನ ಹಾಕಿದಳು. ಕೈ ಜೋಡಿಸಿ ಕಣ್ಣೆತ್ತಿದಾಗ ಎದುರಿಗೆ ಅಜ್ಜ ಕೂತಿದ್ದರು.

ಅಲ್ಲಿಗೆ ಎಲ್ಲ ನಿಂತುಹೋಯಿತು. ಅಜ್ಜ ಕಣ್ಣೆದುರು ಇರುವಾಗ ಅವರ ಬಾಯಿಂದ ಮಾತು ಬಾರದೆ ಪದ್ಮಾಸನ ಬಿಡುವುದು ಅಕ್ಕನಿಂದಾಗಲಿಲ್ಲ. ಮಾತಾಡುವುದಿಲ್ಲ ಎಂದು ಒಪ್ಪಿಕೊಂಡ ಅಜ್ಜ ಬಾಯಿ ಬಿಡಲಿಲ್ಲ. ಅವಳು ಹಳೆಯ ನಿಯಮ ಪಾಲಿಸಿದಳು, ಅವರು ಹೊಸ ನಿಯಮ ಪಾಲಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಉಳಿದರು, ನಡುವೆ ಗಡಿಯಾರ ಓಡುತ್ತಿತ್ತು. ನಾನು ನಿಂತಲ್ಲೇ ಕುದಿಯುತ್ತಿದ್ದೆ. ಮುಂದಕ್ಕೆ ಹೋಗು, ಬಿಡು, ಇಳಿ ಎಂದು ಕೂಗಲು ಬಾಯಿ ತೆರೆದೆ. ಹೊರಗಿನವರು ಕೂಗಿದರೆ ಅವಳ ಗುಣವನ್ನೇ ಕಡಿಯುತ್ತಾರೆಂದು ಡ್ರಿಲ್ ಮಾಸ್ತರು ನನ್ನ ಬಾಯಿ ಒತ್ತಿ ಹಿಡಿದರು. ಸೀಟಿ ಊದಿತು. ಅಕ್ಕ ಇನ್ನೂ ಮೇಲೆಯೇ ಇದ್ದಳು.

"ಟೈಮ್ ಮುಗೀತವ್ವಾ, ಇಳೀಬೇಕು," ಎಂದರು ಸ್ಟಾಪ್‌ವಾಚಿನವರು. ಅವಳು ಅಲುಗಲಿಲ್ಲ. ಕೊನೆಗೆ ಅಜ್ಜ, "ಸಾಕವ್ವಾ," ಎಂದರು. ಆಗ ಇಳಿದಳು.

ಅಕ್ಕ ಬಂದದ್ದು ಕೊನೆಯಿಂದ ಎರಡನೆಯ ಸ್ಥಾನಕ್ಕೆ, ಅಷ್ಟೇ. ಮೊದಲು ಬಂದವಳು ತಿಳವಳ್ಳಿಯ ಹುಡುಗಿ. ಅವಳ ಹೆಸರು ಕೂಗಿದಾಗ ನನಗೆ ತಿಳಿಯದೆಯೇ ಚಪ್ಪಾಳೆ ಹೊಡೆದಿದ್ದೆ. ಪಕ್ಕಕ್ಕೆ ನೋಡಿದರೆ ಅಕ್ಕನೂ ಹೊಡೆಯುತ್ತಿದ್ದಳು.

ಬಂಕಾಪುರದಲ್ಲಿ ಬಸ್ ಬದಲಿಸಬೇಕಿತ್ತು. ನಾನು ಬಹುಮಾನದ ಬಟ್ಟಲನ್ನು ಚೀಲದಲ್ಲಿ ಹುದುಗಿಸಿಟ್ಟು, ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡುತ್ತಿದ್ದೆ. ಅಕ್ಕ ನನ್ನನ್ನೇ ನೋಡುತ್ತ ಕೂತಿದ್ದವಳು ಒಮ್ಮೆಲೇ ಕೇಳಿದಳು.

"ನಿನಗ ಅದು ಹೆಂಗ ಬರ್ತೈತಿ?"

"ಯಾವುದು?"

"ಗಡಿಬಿಡಿ. ನನಗ ಕಲಸು."

ಜಗತ್ತಿನಲ್ಲಿ ಯಾರೂ ಯಾರನ್ನೂ ಇದನ್ನು ಕೇಳಿರಲಿಕ್ಕಿಲ್ಲ. ನನಗೆ ನಗು ಬಂತು. ಆಗಲಿ ಎಂದೆ.

ನಾನು ಎಂಥ ಗುರುವಾಗಿದ್ದೆನೋ ದೇವರಿಗೇ ಗೊತ್ತು. ಹಗ್ಗದ ಕೆಳಗೆ ನಿಂತು ತೊಡೆ ತಟ್ಟುತ್ತ, "ಒಂದು, ಎರಡು, ಬಿಡು! ಒಂದು, ಎರಡು, ಬಿಡು!" ಎಂದು ಅರಚುತ್ತಿದ್ದೆ. ಅಕ್ಕನ ಮೈ ಬಿಡುತ್ತಿರಲಿಲ್ಲ.

"ನಾ ಇನ್ನೂ ಕುಂತ ಇಲ್ಲ, ಹೆಂಗ ಬಿಡ್ಲಿ?" ಎನ್ನುತ್ತಿದ್ದಳು ಮೇಲಿನಿಂದ.

"ಕುಂದ್ರೂದು ಬ್ಯಾಡ. ಕುಂತಂಗ ಮಾಡು, ಸಾಕು!"

ಅವಳ ಕಾಲ್ಬೆರಳ ಸಂದಿ ಕಿತ್ತು ರಕ್ತ ಬಂತು. ಅವ್ವ ಅರಿಷಿಣ ಕಲಸಿ ಹಚ್ಚುತ್ತ, "ರಟ್ಟೀಹಳ್ಳಿ ಏನ್ ಕಾಡಲ್ಲವಾ, ಅಲ್ಲೂ ಮನಷ್ಯಾರ ಅದಾರ," ಎಂದು ಗೊಣಗುತ್ತಿದ್ದಳು. ಅಕ್ಕ ಕಾಲು ಚಾಚಿ ಕೂತು ಹಚ್ಚಿಸಿಕೊಳ್ಳುತ್ತಿದ್ದಳು. ದಿನ ಕಳೆದಂತೆ ಅವಳ ಕೈ ಚುರುಕಾಯಿತು. ನಾಲ್ಕು ಆಸನ ಐದಾದವು, ಐದು ಏಳಾದವು. ಮನೆಯಲ್ಲೂ ಚುರುಕಾದಳು. ಹಾಲು ಉಕ್ಕಿಸಿದಳು. ಅನ್ನದಲ್ಲಿ ಹರಳು ಸಿಗತೊಡಗಿತು. ಅವ್ವ ನನ್ನನ್ನು ಬೈಯುವ ಮಾತುಗಳನ್ನೆಲ್ಲ ಈಗ ಅವಳಿಗೆ ಬೈಯುತ್ತಿದ್ದಳು. ನಾನು ಒಳಗೊಳಗೆ ಹಿಗ್ಗುತ್ತಿದ್ದೆ. ಧಾರವಾಡ ಹತ್ತಿರ ಬರುತ್ತಿದೆ ಎಂದು ನನಗೆ ಅನಿಸುತ್ತಿತ್ತು.

ಒಂದೇ ಹೆದರಿಕೆ ಉಳಿದಿತ್ತು. ಹಿರೇಕೆರೂರಿನಲ್ಲೂ ಅಜ್ಜ ಎದುರಿಗೆ ಕೂತರೆ? ಕಲಿಸಿದ್ದೆಲ್ಲ ನೀರುಪಾಲಾಗುತ್ತಿತ್ತು. ಆಯ್ಕೆಗೆ ಇನ್ನು ಕೆಲವೇ ದಿನ ಇರುವಾಗ ತಡೆಯಲಾರದೆ ಅಜ್ಜನ ಬಳಿಗೆ ಹೋದೆ. ಅವರು ಗರಡಿಯ ಕಟ್ಟೆಯ ಮೇಲೆ ಹೊಸ ಹಗ್ಗವೊಂದನ್ನು ನೀರಿನಲ್ಲಿ ನೆನೆಸಿ ಎಳೆದು ಮೆದುಮಾಡುತ್ತಿದ್ದರು.

"ಅಜ್ಜಾ, ನೀವು ಹಿರೇಕೆರೂರಿಗೆ ಬರಬ್ಯಾಡ್ರಿ."

ಅವರು ಎಳೆಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮಕ್ಕ ಹೇಳಿ ಕಳಿಸ್ಯಾಳೇನ?"

"ಇಲ್ರಿ. ನಾನ ಹೇಳಾಕತ್ತೇನಿ."

"ಬರ್ತೇನಿ," ಎಂದರು. "ಆಕಿ ನನ್ನ ಮಾತಿಗೆ ಕಾಯದ ಮುಂದಕ್ಕ ಹೋಗೂದು ನನ್ನ ಮುಂದ ಆಗಬೇಕು. ಹಿಂದ ಆದ್ರ ಜಲ್ಮ ಪೂರ್ತಿ ಆಕಿಗೆ ಅಳುಕು ಉಳೀತೈತಿ." ಒದ್ದೆ ಹಗ್ಗವನ್ನು ನನ್ನ ಕೈಗೆ ಹಾಕಿದರು. "ಇದನ್ನ ಕಟ್ಟು. ಹಳೇದು ಬಿರುಸಾಗೇತಿ, ಬೆರಳು ಹರೀತೈತಿ."

ನನಗೆ ಆ ಮಾತು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹೆದರಿಕೆ ಮಾತ್ರ ಹೋಗಲಿಲ್ಲ.

ಹಿರೇಕೆರೂರಿನ ಶಾಲೆಯ ಬಯಲಿನಲ್ಲಿ ಎತ್ತರದ ಮೂರು ಕಂಬ ಕೂಡಿಸಿ ಹಗ್ಗ ಕಟ್ಟಿದ್ದರು. ಈ ಸಲ ಅಜ್ಜ ನಿರ್ಣಾಯಕರಲ್ಲ. ಸವಣೂರಿನಲ್ಲಿ ಅವರು ಯಾರಿಗೂ ಒಂದು ಗುಣವನ್ನೂ ಬರೆಯದೆ ಹಾಳೆ ಖಾಲಿ ಕೊಟ್ಟಿದ್ದರಂತೆ. ಹಿರಿಯರೆಂದು ಸಾಲಿನ ತುದಿಗೆ ಒಂದು ಕುರ್ಚಿ ಹಾಕಿದ್ದರು. ತಲೆಗೆ ಬಿಳಿ ಪಟಗ ಸುತ್ತಿಕೊಂಡು, ಬೆತ್ತದ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. ಹಗ್ಗದ ಮೇಲಿಂದ ನೋಡಿದರೆ ಮೊದಲು ಕಾಣುವವರು ಅವರೇ.

ಅಕ್ಕನನ್ನು ಕರೆದರು. ಸೀಟಿ ಊದಿತು. ಮೊದಲ ಆಸನ, ಬಿಟ್ಟಳು. ಎರಡನೆಯದು, ತಲೆ ಕೆಳಗೆ, ಬಿಟ್ಟಳು. ಹಗ್ಗದ ಮೇಲೆ ಅಡ್ಡ ಮಲಗುವ ಶಯನಾಸನ, ಬಿಟ್ಟಳು. ನಾನು ತೊಡೆ ತಟ್ಟುವ ಹಾಗಿರಲಿಲ್ಲ, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದೆ. ಆಮೇಲೆ ಪದ್ಮಾಸನ. ಕಾಲು ಮಡಚಿಕೊಂಡವು, ಕೈ ಕೂಡಿಕೊಂಡವು. ಒಂದು, ಎರಡು. ಅವಳ ಕಣ್ಣು ಕುರ್ಚಿಗಳ ಸಾಲಿನ ತುದಿಗೆ ಹೋಯಿತು.

ನಾನೂ ಅತ್ತ ತಿರುಗಿದೆ.

ಅಜ್ಜ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯಲ್ಲ, ಬೆತ್ತದ ಮೇಲಿನ ಬೆರಳು ಬಿಗಿಯಾಗಿದ್ದವು. ಬೇಕೆಂದೇ ಮುಚ್ಚಿದ್ದರು. ನೋಡದ ಕಣ್ಣಿಗೆ ಅಕ್ಕ ಏಕೆ ಕಾಯಬೇಕು? ಬಿಟ್ಟಳು. ಹಗ್ಗ ಜೋರಾಗಿ ಹೊಯ್ದಾಡಿತು, ನನ್ನದು ಹೊಯ್ದಾಡುವ ಹಾಗೆಯೇ. ಉಳಿದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಮಾಡಿದಳು. ಅವಳ ಕಾಲು ನೆಲಕ್ಕೆ ತಾಗುವುದಕ್ಕೂ ಸೀಟಿ ಊದುವುದಕ್ಕೂ ಸರಿಹೋಯಿತು.

ಸಂಜೆ ಹೆಸರು ಓದಿದರು. ಮೊದಲ ಹೆಸರು ತಿಳವಳ್ಳಿಯವಳದು, ಕೊನೆಯ ಹೆಸರು ಅಕ್ಕನದು. ಕೊನೆಯದಾದರೇನು, ತಂಡದೊಳಗಿನದು! ನಾನು ಬಯಲಿನ ತುಂಬ ಓಡಿದೆ, ಯಾರ್ಯಾರನ್ನೋ ತಬ್ಬಿಕೊಂಡೆ, ಡ್ರಿಲ್ ಮಾಸ್ತರ ಸೀಟಿ ಕಸಿದು ಊದಿದೆ. ಅಕ್ಕ ಹೋಗಿ ಅಜ್ಜನ ಕಾಲು ಮುಟ್ಟಿದಳು.

"ನಾ ಏನೂ ನೋಡಲಿಲ್ಲವ್ವಾ," ಎಂದರು ಅಜ್ಜ, ಅವಳ ತಲೆಯ ಮೇಲೆ ಕೈಯಿಟ್ಟು. ಅವರು ಅವಳನ್ನು ಮುಟ್ಟಿದ್ದು ಅದೇ ಮೊದಲು. "ಮಂದಿ ಹೇಳಿದ್ರು, ಚೊಲೋ ಮಾಡಿದಿ ಅಂತ. ಹೋಗು, ಧಾರವಾಡ ನೋಡು."

ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಾಯುತ್ತ ನಿಂತಿದ್ದರು. ಅಕ್ಕ ಇಳಿದವಳೇ, "ಆರಿಸಿದ್ರು," ಎಂದಳು. ಕೊಟ್ಟ ಮಾತು ಕುತ್ತಿಗೆಗೆ ಬಂದಿದ್ದು ಅಪ್ಪನ ಮುಖದಲ್ಲಿ ಕಾಣುತ್ತಿತ್ತು, ಆದರೆ ತಪ್ಪುವ ಮನುಷ್ಯ ಅಲ್ಲ.

"ಆತು. ರಟ್ಟೀಹಳ್ಳಿಯವ್ರಿಗೆ ಆಗೂದಿಲ್ಲಂತ ಹೇಳಿ ಕಳಸ್ತೇನಿ. ಧಾರವಾಡಕ್ಕ ಯಾವಾಗ ಹೋಗಬೇಕು ನೋಡೂಣು, ನಡೀರಿ."

ಅಪ್ಪ ಮುಂದೆ, ನಾವಿಬ್ಬರೂ ಹಿಂದೆ. ಇಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ. ಏನೇನೋ ಬಡಬಡಿಸುತ್ತಿದ್ದೆ. ಅಕ್ಕ ನನ್ನ ಮುಂಗೈ ಹಿಡಿದು ನಿಲ್ಲಿಸಿದಳು.

"ನಾ ಪದ್ಮಾಸನ ಹಾಕಿದ್ನೇನ?"

ಚೇಷ್ಟೆ ಮಾಡುತ್ತಿದ್ದಾಳೆಂದು ನಕ್ಕೆ. ಅವಳ ಮುಖ ನೋಡಿದ ಮೇಲೆ ನಗಲಾಗಲಿಲ್ಲ.

"ಹಾಕಿದಿ. ಎಲ್ಲಾರೂ ನೋಡಿದ್ರಲ್ಲ."

"ನನಗ ನೆನಪಿಲ್ಲ. ಏರಿದ್ದು ನೆನಪೈತಿ, ಇಳಿದದ್ದು ನೆನಪೈತಿ. ಅಜ್ಜ ಕಣ್ಣು ಮುಚ್ಚಿದ್ದು ಕಂಡಿತ್ತು. ನಾ ಕುಂತದ್ದು ಮಾತ್ರ ನೆನಪಿಗೆ ಬರವಲ್ದು."

ಮುಂದೆ ಹೋಗಿದ್ದ ಅಪ್ಪ ತಿರುಗಿ, "ಯಾಕ ನಿಂತ್ರಿ? ಬರ್ರಿ ಲಗೂನ," ಎಂದು ಕರೆದರು.

"ಬಂದ್ವಿ ಅಪ್ಪಾ," ಎಂದು ಅಕ್ಕ ನನ್ನ ಕೈ ಬಿಟ್ಟು ಸರಸರ ನಡೆದಳು. ಅವಳನ್ನು ಕೂಡಿಕೊಳ್ಳಲು ನಾನು ಓಡಬೇಕಾಯಿತು.